ಫೌಜುಮಂತ್ರಿಯ ಕುರ್ಚಿ

ನಮ್ಮದು ವಕೀಲರ ಮನೆತನ. ವರ್ಷಕ್ಕೊಂದು ಕೇಸನ್ನು ನಾವು ತಪ್ಪದೆ ಸೋಲುತ್ತೇವೆ. ನಮ್ಮಪ್ಪ ಸೋತ, ಅವರಪ್ಪ ಸೋತ, ಅವರಪ್ಪನ ಅಪ್ಪನೂ ಸೋತ. ಈಗ ಸೋಲುವ ಪಾಳಿ ನನ್ನದು. ನಮ್ಮ ಕಕ್ಷಿದಾರನ ಹೆಸರು ಕಾಮಣ್ಣ. ತೀರ್ಪು ಬಂದ ಗಳಿಗೆಯಲ್ಲೇ ಅವನನ್ನು ಸುಟ್ಟುಬಿಡುತ್ತಾರೆ, ಮೇಲ್ಮನವಿಗೆ ಅವಕಾಶವೇ ಇಲ್ಲ.

ಬೇರೆ ಊರುಗಳಲ್ಲಿ ಹೋಳಿಹುಣ್ಣಿಮೆಗೆ ಕಾಮಣ್ಣನನ್ನು ಹುಡುಗರು ಮನೆಮನೆಯಿಂದ ಕದ್ದು ತಂದ ಕಟ್ಟಿಗೆಯ ರಾಶಿಯ ಮೇಲೆ ಕೂರಿಸಿ, ಬೊಬ್ಬೆ ಹೊಡೆದು, ಬೆಂಕಿ ಹಚ್ಚುತ್ತಾರೆ. ಮುರಗೋಡ ದಾಟಿ ತೊರಗಲ್ ಕಡೆಗೆ ಹೊರಟರೆ ಗುಡ್ಡದ ಮಗ್ಗುಲಲ್ಲಿ ಸಿಗುವ ನಮ್ಮ ಸಿರಿಕೊಳ್ಳದಲ್ಲಿ ಹಾಗಿಲ್ಲ. ಮೊದಲು ವಿಚಾರಣೆ, ಆಮೇಲೆ ಬೆಂಕಿ. ಹುಣ್ಣಿಮೆಯ ಮರುದಿನ ಹೊತ್ತು ಹುಟ್ಟುತ್ತಲೇ ಹಗೇವಿನ ಬಯಲಲ್ಲಿ ಕೋರ್ಟು ಕೂಡುತ್ತದೆ. ಊರವರು ಆರೋಪ ಹೇಳುತ್ತಾರೆ: ಇವನಿಂದಾಗಿ ಮಗಳು ಓಡಿಹೋದಳು, ಇವನಿಂದಾಗಿ ಎಪ್ಪತ್ತರ ಗಂಡ ಮೀಸೆಗೆ ಕಪ್ಪು ಹಚ್ಚಿದ. ನಮ್ಮ ವಾಡೆಯವರು, ಅಂದರೆ ನಮ್ಮ ದೊಡ್ಡಮನೆಯವರು, ಕಾಮಣ್ಣನ ಪರವಾಗಿ ವಾದಿಸುತ್ತಾರೆ. ಕೆಳಗಿನ ಕೇರಿಯ ಲಗಮಪ್ಪನ ಮನೆತನದ ಹಿರಿಯರು ನ್ಯಾಯ ಹೇಳುತ್ತಾರೆ. ತೀರ್ಪಾಗಿ, ಕಾಮಣ್ಣ ಸುಟ್ಟು, ಆ ಕೆಂಡವನ್ನು ಮನೆಗೆ ತಂದ ಮೇಲೆಯೇ ಹಿಂದಿನ ಸಂಜೆ ಆರಿಸಿದ ಒಲೆಗಳು ಮತ್ತೆ ಹೊತ್ತುತ್ತವೆ. ಅಲ್ಲಿಯತನಕ ಯಾರೂ ತುತ್ತು ಮುಟ್ಟುವಂತಿಲ್ಲ, ಊರಿಗೆ ಊರೇ ಚಹಾ ಕೂಡ ಕಾಣದೆ ಕೂತಿರುತ್ತದೆ. ಹಾಗಾಗಿ ನಮ್ಮೂರಲ್ಲಿ ಕಾಮಣ್ಣನ ವಕೀಲರ ವಾದ ಗಿಡ್ಡದಾದಷ್ಟೂ ಒಳ್ಳೇ ವಕೀಲರೆಂಬ ಹೆಸರು.

ಇದೆಲ್ಲ ಶುರುವಾದದ್ದು ನಮ್ಮ ಪೂರ್ವಜ ದಿಗಂಬರರಾಯನಿಂದ. ಪೌರೋಹಿತ್ಯದ ಮನೆಯ ಹುಡುಗ, ಇಂಗ್ಲಿಷ್ ಕಲಿತು ಬೆಳಗಾವಿಯಲ್ಲಿ ವಕೀಲನಾದ. ಒಬ್ಬ ಬಾಲವಿಧವೆಯ ಮರುಮದುವೆಗೆ ಯಾವ ಭಟ್ಟನೂ ಬರಲೊಲ್ಲೆನೆಂದಾಗ ಕರಿ ಕೋಟು ಕಳಚಿ, ಮಡಿ ಉಟ್ಟು, ತಾನೇ ಮಂತ್ರ ಹೇಳಿದ. ಜಾತಿಯವರು ಬಹಿಷ್ಕಾರ ಹಾಕಿದರು. ಹಾಕಿದವರ ಮೇಲೆ ದಾವೆ ಹೂಡಿ ಗೆದ್ದ. ಗೆದ್ದರೂ ಯಾರೂ ಅವನ ಮನೆಯಲ್ಲಿ ನೀರು ಮುಟ್ಟಲಿಲ್ಲ. ಆಗ ಸಿರಿಕೊಳ್ಳದ ರಾಜ ಅವನನ್ನು ಕರೆಸಿಕೊಂಡ. ಮೂರೂವರೆ ಹಳ್ಳಿಯ ಸಂಸ್ಥಾನ. ಕಂದಾಯ, ಖಜಾನೆ, ಕೋಠಿ ಎಲ್ಲ ರಾಜನ ಭಾವಮೈದುನರ ಕೈಯಲ್ಲಿದ್ದವು. ತಿನ್ನಲು ಏನೂ ಸಿಗದ ಖಾತೆಯೆಂದರೆ ಫೌಜು ಒಂದೇ. ಅದನ್ನು ವಕೀಲನ ಕೊರಳಿಗೆ ಕಟ್ಟಿದರು. ಹೀಗೆ ಉಬ್ಬಸದ ರೋಗಿ, ಕುದುರೆ ಕಂಡರೆ ಹೆದರುವ ದಿಗಂಬರರಾಯ ಫೌಜುಮಂತ್ರಿಯಾದ. ನಲವತ್ತು ಚಿಲ್ಲರೆ ಸಿಪಾಯಿಗಳು, ಎರಡು ಫಿರಂಗಿ ತೋಪು. ಒಂದು ತೋಪಿನೊಳಗೆ ಕೋಳಿ ಕಾವು ಕೂತಿತ್ತು. ಮಂತ್ರಿ ಫೌಜಿನ ತಪಾಸಣೆಗೆ ಚಕ್ಕಡಿಯಲ್ಲಿ ಹೋಗುತ್ತಿದ್ದ. ದರಬಾರಿನಲ್ಲಿ ಬಾಯಿ ತೆರೆದಾಗೆಲ್ಲ, ರೈತರನ್ನೂ ಒಂದು ಮಾತು ಕೇಳಬೇಕು ಎನ್ನುತ್ತಿದ್ದನಂತೆ. ರಾಜ ಆಕಳಿಸುತ್ತಿದ್ದ.

ದೊಡ್ಡ ಬರ ಬಂತು. ರಾಜನ ಹಗೇವುಗಳಲ್ಲಿ, ನೆಲದೊಳಗಿನ ಆ ದೊಡ್ಡ ಕಣಜಗಳಲ್ಲಿ, ಜೋಳ ತುಂಬಿತ್ತು. ಮೇಲೆ ಜನ ಸಾಯುತ್ತಿದ್ದರು. ಒಂದು ಬೆಳಗ್ಗೆ ಕೆಳಗಿನ ಕೇರಿಯ ಕಾಡವ್ವ ಎಂಬಾಕೆ ಹಗೇವಿನ ಬಾಯಿಯ ಕಲ್ಲು ಸರಿಸಿದಳು. ಅವಳ ಹಿಂದೆ ಊರೇ ಇಳಿಯಿತು. ಗುಂಡು ಹಾರಿಸಿ ಎಂದು ರಾಜ ಹುಕುಂ ಕೊಟ್ಟ. ಫೌಜುಮಂತ್ರಿ ಮನೆಯಿಂದ ತನ್ನ ಸಾಗವಾನಿ ಕುರ್ಚಿ ತರಿಸಿ ಹಗೇವಿನ ಬಾಯಿಗೂ ಬಂದೂಕುಗಳಿಗೂ ನಡುವೆ ಹಾಕಿಸಿಕೊಂಡು ಕೂತ. ವಿಚಾರಣೆ ಇಲ್ಲದೆ ಶಿಕ್ಷೆ ಇಲ್ಲ, ಇದು ಕೋರ್ಟು, ಒಬ್ಬೊಬ್ಬರನ್ನೇ ಕರೀರಿ ಎಂದ. ಮೊದಲು ಕಾಡವ್ವ ಬಂದಳು. ಅವನು ಕೇಳಿದ್ದು ಎರಡೇ ಪ್ರಶ್ನೆ: "ಹೆಸರೇನು? ಊಟ ಆತೇನು?" ಹೆಸರು ಹೇಳಿದಳು. ಊಟವಾಗಿರಲಿಲ್ಲ. ವಿಚಾರಣೆಯಲ್ಲಿರುವ ಆರೋಪಿಗೆ ಊಟ ಹಾಕುವುದು ಸರ್ಕಾರದ ಧರ್ಮ, ಮೊದಲು ಉಣಬಡಿಸಿ, ಆಮೇಲೆ ಮುಂದಿನ ಪ್ರಶ್ನೆ ಎಂದು ಬರೆಸಿದ. ಸಂಜೆಯೊಳಗೆ ಊರಿನ ಜನವೆಲ್ಲ ನಾನೂ ಕಳ್ಳ, ನಾನೂ ಕಳ್ಳಿ ಎಂದು ಸಾಲು ಹಚ್ಚಿದರು. ಆ ವರ್ಷ ಸಿರಿಕೊಳ್ಳದಲ್ಲಿ ಆರೋಪಿಯಾಗದೆ ಉಳಿದವರೆಂದರೆ ರಾಜ, ರಾಣಿ ಮತ್ತು ಭಾವಮೈದುನರು. ವಿಚಾರಣೆ ಮಳೆಗಾಲದತನಕ ನಡೆಯಿತು. ಮೊದಲ ಮಳೆ ಬಿದ್ದ ದಿನ ದಿಗಂಬರರಾಯ ತೀರ್ಪು ಹೇಳದೆ ಎದ್ದುಹೋದ. ಮಂತ್ರಿಗಿರಿ ಹೋಯಿತು, ಬೈಲಹೊಂಗಲಕ್ಕೆ ಹೋಗಿ ಮತ್ತೆ ವಕೀಲಿ ಮಾಡಿದ, ಎಷ್ಟೋ ವರ್ಷಗಳ ಮೇಲೆ ಉಬ್ಬಸದಿಂದಲೇ ಸತ್ತ.

ಬರ ಕಳೆದ ಮೇಲಿನ ಮೊದಲ ಹೋಳಿಗೆ ಊರವರು, ನಮ್ಮನ್ನೇ ಕೇಳದೆ ಕೊಲ್ಲಲಿಲ್ಲ, ಕಾಮಣ್ಣನನ್ನು ಕೇಳದೆ ಹೇಗೆ ಸುಡೋಣ ಎಂದರಂತೆ. ದಿಗಂಬರರಾಯ ಅದೇ ಕುರ್ಚಿ ಕಳಿಸಿ, ಅದರ ಮುಂದೆ ನಿಂತವರೇ ಅದರಲ್ಲಿ ಕೂಡಲಿ ಎಂದು ಕಾಡವ್ವನನ್ನು ಕೂರಿಸಿದ. ಈಗ ನ್ಯಾಯ ಹೇಳುವ ಲಗಮಪ್ಪಜ್ಜ ಅವಳ ಮರಿಮೊಮ್ಮಗ.

ಇಷ್ಟು ಒಳ್ಳೆಯ ಕಥೆ ಕೈಯಲ್ಲಿದ್ದೂ ಅದನ್ನು ಕೆಡಿಸಲು ಒಬ್ಬ ಅತಿಬುದ್ಧಿಯ ಶಾಣ್ಯಾ ಬೇಕು. ನಮ್ಮ ಮನೆಯಲ್ಲಿ ಅಂಥವನಿದ್ದಾನೆ, ನನ್ನ ಸಂಜೀವ ಕಾಕಾ. ಬೆಳಗಾವಿಯಲ್ಲಿ ಸರ್ಕಾರಿ ನೌಕರಿ ಮುಗಿಸಿ ಬಂದವನು ವಾಡೆಗೆ ಬಣ್ಣ ಹೊಡೆಸಿದ. ಕಿತ್ತೂರ ಕೋಟೆ ನೋಡಿ ಸವದತ್ತಿ ಎಲ್ಲಮ್ಮನಿಗೆ ಹೋಗುವ ಕಾರುಗಳು ನಮ್ಮೂರಲ್ಲೂ ನಿಲ್ಲಬೇಕೆಂಬುದು ಅವನ ಆಸೆ. ಆಸೆ ತಪ್ಪಲ್ಲ. ಆದರೆ ಬಾಗಿಲಲ್ಲಿ ಹಾಕಿಸಿದ ಫ್ಲೆಕ್ಸಿನಲ್ಲಿ ದಿಗಂಬರರಾಯ ಬಿಳಿ ಕುದುರೆ ಏರಿ ಕತ್ತಿ ಹಿರಿದಿದ್ದ. ಕುದುರೆ ಕಂಡರೆ ಗೋಡೆಗೆ ಆತುಕೊಳ್ಳುತ್ತಿದ್ದ ಮುದುಕ! ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಕುರ್ಚಿ, ಮೇಲೆ ನಾಟಕದ ಸಾಮಾನಿನ ಅಂಗಡಿಯಿಂದ ತಂದ ಕತ್ತಿ. ಕುರ್ಚಿಯ ಮೂರು ಕಾಲು ಸಾಗವಾನಿ, ಒಂದು ಜಾಲಿಯದು. ಅದಕ್ಕೂ ಒಂದು ಹಿತ್ತಾಳೆ ಪಾಟಿ: 'ರಣಭೂಮಿಯಲ್ಲಿ ಶತ್ರುವಿನ ಖಡ್ಗದೇಟಿಗೆ ಈ ಪೀಠದ ಕಾಲು ಮುರಿಯಿತು.' ಯಾವ ರಣಭೂಮಿ ಕಾಕಾ ಎಂದು ಕೇಳಿದರೆ, ಇತಿಹಾಸ ನಿನಗ ತಿಳಿಯೂದಿಲ್ಲ ಎಂದ.

ಕುರ್ಚಿ ಪೆಟ್ಟಿಗೆ ಸೇರಿದ ಮೇಲೆ ಹೋಳಿಗೆ ಹೊರಬರುವುದು ನಿಂತಿತು. ಹಳೇ ಸಾಮಾನು, ಮುರಿದೀತು ಎಂದು ಕಾಕಾ ಪ್ಲಾಸ್ಟಿಕ್ ಕುರ್ಚಿ ಕಳಿಸಿದ. ಮುರಿಯುವ ಭಯವೋ ಬೇರೆ ಭಯವೋ ಊರಿಗೆ ಗೊತ್ತಿತ್ತು. ಕಳೆದ ವರ್ಷ ತೀರ್ಪಿನ ನಡುವೆ ಆ ಪ್ಲಾಸ್ಟಿಕ್ ಕುರ್ಚಿಯ ಕಾಲು ಚಟ್ಟನೆ ಮುರಿದು ಲಗಮಪ್ಪಜ್ಜ ಮಣ್ಣಿಗೆ ಬಿದ್ದ. ಜನ ನಕ್ಕರು. ಅಜ್ಜ ನೆಲದ ಮೇಲೆ ಕೂತೇ ತೀರ್ಪು ಮುಗಿಸಿದ. ನಗದೆ ನಿಂತವಳು ಅವನ ಮೊಮ್ಮಗಳು ರೇಣು ಒಬ್ಬಳೇ.

ಈ ವರ್ಷ ಹುಣ್ಣಿಮೆಯ ಸಂಜೆ ನಾನು ಬೈಲಹೊಂಗಲದ ಕೋರ್ಟು ಮುಗಿಸಿ ಊರಿಗೆ ಬಂದಾಗ ಗಾಜಿನ ಪೆಟ್ಟಿಗೆ ಖಾಲಿ ಇತ್ತು. ಕಾಕಾನ ಮುಖ ಕೆಂಪಾಗಿತ್ತು.

"ಕದ್ದಾಳ ಆ ರೇಣು. ಹಿತ್ತಲ ಬಾಗಲದಿಂದ ಬಂದು, ನಾಕು ಹುಡುಗ್ಯಾರನ್ನ ಕಟ್ಟಿಗೊಂಡು, ಹೊತಗೊಂಡು ಹೋಗ್ಯಾಳ. ಠಾಣೆಕ್ಕ ಅರ್ಜಿ ಕೊಟ್ಟೇನಿ."

"ಕಾಕಾ, ಹೋಳಿ ಕಟ್ಟಿಗಿ ಕಳವು ನಮ್ಮೂರಾಗ ಎಂದಾದ್ರೂ ಕಳವು ಆಗಿತ್ತೇನು?"

"ಸಗಣಿ ಕುಳ್ಳು ಕದಿಯೂದು ಬ್ಯಾರೆ, ಫೌಜುಮಂತ್ರಿ ಕುರ್ಚಿ ಕದಿಯೂದು ಬ್ಯಾರೆ. ವರದಾ, ನೀ ನಡುವ ಬರಬ್ಯಾಡ. ಮನಿತನದ ಮರ್ಯಾದಿ ಪ್ರಶ್ನೆ ಅದ."

"ಆಕಿ ಪೊಲೀಸ್ ನೌಕರಿಗೆ ಆಯ್ಕೆ ಆಗ್ಯಾಳ. ಒಂದು ಕೇಸ್ ಬಿತ್ತಂದ್ರ ಎಲ್ಲಾ ಹೋತು. ನಿನಗ ಗೊತ್ತದಲ್ಲ?"

"ಗೊತ್ತದ," ಎಂದ ಕಾಕಾ. "ಕದಿಯೂ ಮುಂದ ಆಕಿಗೂ ಗೊತ್ತಿತ್ತು."

ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದ ಭಾಗೀರಥಿಬಾಯಿ, ಕಾಕಾನ ತಾಯಿ, ನನ್ನ ಅಜ್ಜಿ, ತಲೆ ಎತ್ತಲಿಲ್ಲ. ಅವಳಿಗೆ ಕಿವಿ ಮಂದ. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ನಾನು ಕೆಳಗಿನ ಕೇರಿಗೆ ನಡೆದೆ. ರೇಣು ರಾಮದುರ್ಗದಲ್ಲಿ ಓದಿದ ಹುಡುಗಿ. ಓಟದ ಪರೀಕ್ಷೆಗೆಂದು ಒಂದಿಡೀ ವರ್ಷ ತೊರಗಲ್ ಕೋಟೆಯ ಏರು ಹತ್ತಿಳಿದು ಕಾಲು ಗಟ್ಟಿ ಮಾಡಿಕೊಂಡವಳು. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬಂದಿತ್ತು. ನಡತೆಯ ಬಗ್ಗೆ ಠಾಣೆಯಿಂದ ವರದಿ ಹೋಗುವುದೊಂದೇ ಬಾಕಿ. ಅವಳ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಬಾಬಾಸಾಹೇಬರ ಚಿತ್ರ. ಕೆಳಗೆ, ಒರೆಸಿ ಎಣ್ಣೆ ಹಚ್ಚಿದ ನಮ್ಮ ಕುರ್ಚಿ. ಅದರಲ್ಲಿ ಯಾರೂ ಕೂತಿರಲಿಲ್ಲ.

"ತಂದೇನ್ರಿ ವರದಕ್ಕಾ," ಎಂದಳು ರೇಣು, ನಾನು ಕೇಳುವ ಮೊದಲೇ. "ಸುಡಾಕ ಅಲ್ಲ. ನಮ್ಮ ಮುತ್ಯಾ ಕೂಡ್ಲಿ ಅಂತ. ಕಾಮಣ್ಣ ಸುಟ್ಟ ಮ್ಯಾಲ ನಾನ ಹೊತಗೊಂಡು ಬಂದು ಕೊಡಾಕಿ ಇದ್ದೆ."

"ತಪ್ಪಾತು ಅಂದ್ರ ಕಾಕಾ ಅರ್ಜಿ ಹಿಂದ ತಗೋಬಹುದು."

"ನೀವು ನನ್ನ ಜಾಗಾದಾಗ ಇದ್ರ ಅಂತಿದ್ರೇನು?"

ಅನ್ನುತ್ತಿರಲಿಲ್ಲ. ಅದಕ್ಕೆ ಅವಳ ಅಜ್ಜನ ಕಡೆ ತಿರುಗಿದೆ.

ಲಗಮಪ್ಪಜ್ಜ ಹೊರಸಿನ ಮೇಲೆ ಕೂತಿದ್ದ. "ಕಾಮಣ್ಣನ ಪೂಜಿಗೆ ನಾ ಬರೂದಿಲ್ಲ ತಂಗಿ, ನ್ಯಾಯಾ ಹೇಳಾಕ ಬರತೇನಿ," ಎಂದ. "ನಾಳೆ ನನ್ನ ಮುಂದ ಕಾಮಣ್ಣನ ಖಟ್ಲೆ ಅಷ್ಟ ನಡೀಬೇಕು. ಈಕಿ ಹೆಸರು ಬಂತಂದ್ರ ನಾ ಎದ್ದು ನಿಂದರತೇನಿ. ಸ್ವಂತ ಮೊಮ್ಮಗಳ ಖಟ್ಲೆಕ ನ್ಯಾಯಾ ಹೇಳೂದು ನ್ಯಾಯಾ ಅಲ್ಲ."

"ಅಜ್ಜಾ, ನೀವು ಎದ್ರಿ ಅಂದ್ರ ಪೊಲೀಸರು ಕುರ್ಚಿ ಒಯ್ತಾರ."

"ಒಯ್ಲಿ. ಆದ್ರ ನಾ ಕುಂತಾಗ ಅಲ್ಲ."

ಮರುದಿನ ಹೊತ್ತು ಹುಟ್ಟುವಾಗ ಹಗೇವಿನ ಬಯಲು ತುಂಬಿತ್ತು. ಕಟ್ಟಿಗೆ, ಕುಳ್ಳು, ಮುರುಕು ಬಾಗಿಲುಗಳ ರಾಶಿಯ ಮೇಲೆ ಕಾಮಣ್ಣ ಅರಿಷಿಣದ ಮುಖ ಮಾಡಿಕೊಂಡು ಕೂತಿದ್ದ. ರೇಣು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಎಲ್ಲರ ಕಣ್ಣ ಮುಂದೆಯೇ ತಂದು ನೆಲಕ್ಕಿಟ್ಟಳು. ಲಗಮಪ್ಪಜ್ಜ ರುಮಾಲು ಸರಿಮಾಡಿಕೊಂಡು ಕೂತ. ಬಯಲಿನಲ್ಲಿ ಸಣ್ಣದೊಂದು ಗದ್ದಲವೆದ್ದು ಅಡಗಿತು. ಎಷ್ಟೋ ಜನ ಆ ಕುರ್ಚಿಯನ್ನು ಬಿಸಿಲಲ್ಲಿ ಕಂಡು ವರ್ಷಗಳಾಗಿದ್ದವು.

ಅಜ್ಜ ಕಾಮಣ್ಣನತ್ತ ತಿರುಗಿ ವಾಡಿಕೆಯಂತೆ ಕೇಳಿದ: "ಹೆಸರೇನು? ಊಟ ಆತೇನು?"

"ಕಾಮಣ್ಣ. ಊಟ ಆಗಿಲ್ಲ," ಎಂದೆ ನಾನು, ಕಕ್ಷಿದಾರನ ಪರವಾಗಿ. ಹೋಳಿಗೆಯ ಒಂದು ಚೂರು ಅವನ ಮುಂದಿಟ್ಟರು.

ಅಷ್ಟರಲ್ಲಿ ಮೋಟರ್ ಸೈಕಲ್ಲಿನ ಸದ್ದಾಯಿತು. ಹವಾಲ್ದಾರ ಪರಪ್ಪ ಬಂದ. ಅವನ ಹಿಂದೆ ಕಾಕಾ ನಡೆದು ಬಂದ.

"ಕುರ್ಚಿ ಜಪ್ತ ಮಾಡಬೇಕ್ರಿ ಮೇಡಂ," ಎಂದ ಪರಪ್ಪ, ಸ್ವಲ್ಪ ಸಂಕೋಚದಿಂದಲೇ. "ಕೇಸ್ ಇನ್ನೂ ದಾಖಲ ಆಗಿಲ್ರಿ. ಆದ್ರ ಕುರ್ಚಿ ಸಿಕ್ಕು ಪಂಚನಾಮೆ ಆತಂದ್ರ ಮುಂದ ನನ್ನ ಕೈಯಾಗ ಏನೂ ಇರೂದಿಲ್ಲ."

"ಕೋರ್ಟು ನಡದದ ಪರಪ್ಪ. ಕುಂತವರನ್ನ ಎಬ್ಬಿಸಿ ಕುರ್ಚಿ ಒಯ್ತೀರೇನು?"

ಪರಪ್ಪ ಲಗಮಪ್ಪಜ್ಜನನ್ನು ನೋಡಿದ, ನೆರೆದ ಜನರನ್ನು ನೋಡಿದ. "ನಿಮ್ಮ ಕೋರ್ಟು ಮುಗೀಲ್ರಿ. ಆಮ್ಯಾಲ ಒಯ್ತೇನಿ," ಎಂದು ಬೇವಿನ ಮರದ ನೆರಳಿಗೆ ಹೋಗಿ ಕೂತ.

ಮುಗಿದ ಮೇಲೆ. ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ ದಿಗಂಬರರಾಯ ನನಗೆ ಮೊದಲ ಬಾರಿ ಪೂರ್ತಿ ತಿಳಿದ. ಅವನೇನು ಬಂದೂಕುಗಳನ್ನು ಗೆಲ್ಲಲಿಲ್ಲ. ಅವನು ಮುಗಿಸಲಿಲ್ಲ, ಅಷ್ಟೇ.

ನಾನು ಸೆರಗು ಸಿಕ್ಕಿಸಿಕೊಂಡು ಶುರು ಮಾಡಿದೆ. ವಾಡಿಕೆಯಂತೆ ನಾಲ್ಕು ಮಾತು ಹೇಳಿ ಸೋತು ಕೂಡಬೇಕಿತ್ತು. ನಾನು ಕಾಮಣ್ಣನ ಹುಟ್ಟಿನಿಂದ ಹಿಡಿದೆ. ಶಿವನ ತಪಸ್ಸು, ಕಬ್ಬಿನ ಬಿಲ್ಲು, ಮೂರನೇ ಕಣ್ಣು. ಅಂದು ಶಿವ ಇವನಿಗೆ ನೋಟೀಸು ಕೊಟ್ಟಿದ್ದನೇ? ಜವಾಬು ಕೇಳಿದ್ದನೇ? ಜನ ನಕ್ಕರು. ಆಮೇಲೆ ಆರೋಪ ಹೊರಿಸಿದವರನ್ನು ಒಬ್ಬೊಬ್ಬರನ್ನೇ ಕರೆದೆ. ಮಗಳು ಓಡಿಹೋದಳೆಂದ ಸೋಮವ್ವನನ್ನು, ಮಗಳು ಈಗ ಹೇಗಿದ್ದಾಳೆ ಎಂದು ಕೇಳಿದೆ. ಚೆಂದ ಇದ್ದಾಳ್ರಿ, ಎರಡು ಮಕ್ಕಳು ಎಂದಳು. ಹಾಗಾದರೆ ಕಾಮಣ್ಣನಿಂದಾದ ನಷ್ಟವೇನು ಎಂದು ಕೇಳಿದೆ. ಆಕೆ ಯೋಚನೆಗೆ ಬಿದ್ದಳು. ನನಗೆ ಬೇಕಿದ್ದದ್ದೂ ಯೋಚನೆಯೇ, ಅದಕ್ಕೆ ಹೊತ್ತು ಹಿಡಿಯುತ್ತದೆ.

ಬಿಸಿಲೇರಿತು. ಹಸಿದ ಕೂಸುಗಳು ಅಳಲು ಹತ್ತಿದವು.

ಆಮೇಲೆ ನಾನು ಕಾಮಣ್ಣ ಕೂತ ರಾಶಿಯ ವಿಚಾರಕ್ಕೆ ಬಂದೆ. ಇವನ ಸಿಂಹಾಸನ ಎಲ್ಲಿಂದ ಬಂತು? ಯಾರ ಮನೆಯ ಏನನ್ನು ಯಾರು ತಂದರು? ಅಂದು ದಿಗಂಬರರಾಯನ ಮುಂದೆ ನಿಂತವರಂತೆ ಒಬ್ಬೊಬ್ಬರೂ ಎದ್ದು ಒಪ್ಪಿಕೊಂಡರು. ಬಾಯವ್ವನ ಮಗ ಒಮ್ಮೆ ಸ್ವಂತ ಮಾವನ ಹೊರಸನ್ನೇ ತಂದಿದ್ದ, ಮಾವ ಅದರ ಮೇಲೆ ಮಲಗಿದ್ದನಂತೆ. ಮಡಿವಾಳೆಪ್ಪ ಚಿಕ್ಕವನಿದ್ದಾಗ ಗೌಡರ ಹಿತ್ತಲ ಕದ ಕಿತ್ತು ತಂದಿದ್ದ, ಗೌಡರು ಮರುದಿನ ಕಾಮಣ್ಣನ ಬೂದಿ ಹಣೆಗೆ ಹಚ್ಚಿಕೊಂಡು ಹೊಸ ಕದ ಮಾಡಿಸಿದರು. ಪ್ರತಿಯೊಬ್ಬರಿಗೂ ನಾನು ಕೊನೆಗೆ ಊಟ ಆತೇನು ಎಂದು ಕೇಳಿದೆ. ಮೊದಲು "ಇಲ್ರಿ" ಎಂದು ನಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹಲ್ಲು ಕಡಿಯುತ್ತಿದ್ದರು.

"ವಕೀಲಬಾಯಿ, ಹೊಟ್ಯಾಗ ಬೆಂಕಿ ಬಿದ್ದೈತಿ, ಮುಗಸ್ರಿನ್ನ!" ಎಂದು ಯಾರೋ ಕೂಗಿದರು.

"ಮುಗಿಸೂದು ನನ್ನ ಕೈಯಾಗ ಇಲ್ಲ," ಎಂದೆ. ಎಲ್ಲರ ಕಣ್ಣು ಕಾಕಾನ ಕಡೆ ತಿರುಗಿದವು. ರೇಣುವಿನ ಹೆಸರನ್ನು ನಾನು ಎತ್ತಿರಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಮಡಿವಾಳೆಪ್ಪ ಎದ್ದು ಹೋಗಿ ಕಾಕಾನ ಮುಂದೆ ನಿಂತ. "ಸಂಜೀವರಾಯರ, ಆ ಒಂದು ಕಾಗದಾ ಹಿಂದ ತಗೋರಿ. ಊರಿನ ಒಲಿ ಹತ್ತಲಿ."

"ಕೂಗಲಿ, ಎಷ್ಟು ಕೂಗ್ತಾಳ ಕೂಗಲಿ," ಎಂದ ಕಾಕಾ. "ಗಂಟಲಾ ಏನ್ ಕಬ್ಬಿಣದ್ದಲ್ಲ."

ಅವನ ಮಾತು ನಿಜವಾಗಿತ್ತು. ನನ್ನ ಗಂಟಲು ಬೆಳಗಿನಿಂದ ಒಂದೇ ಸಮ ದುಡಿದಿತ್ತು. ನೀರು ಕುಡಿಯಲು ನಿಂತರೆ ವಾದ ನಿಂತಿತೆಂದು ಯಾರಾದರೂ ಅಂದಾರೆಂದು ಕುಡಿದಿರಲಿಲ್ಲ. ಇನ್ನೊಂದು ಕದದ ಕಥೆ ಹೇಳಹೊರಟವಳಿಗೆ ಗಾಳಿ ಮಾತ್ರ ಹೊರಬಂತು. ಮತ್ತೆ ಬಾಯಿ ತೆರೆದೆ. ಏನೂ ಬರಲಿಲ್ಲ. ಬೈಲಹೊಂಗಲದ ಕೋರ್ಟಿನಲ್ಲಿ ಎಷ್ಟು ಜಡ್ಜರಿಂದ ಧ್ವನಿ ತಗ್ಗಿಸಿ ಎನಿಸಿಕೊಂಡವಳು ನಾನು, ಇಲ್ಲಿ ಬಂದು ಮೂಕಿಯಾದೆ. ಅಳು ಬಂತು. ಸಿಟ್ಟಿನ ಅಳು.

ಕಾಮಣ್ಣನ ಕೋರ್ಟಿಗೆ ಒಂದು ನಿಯಮವಿದೆ. ವಕೀಲ ಮಾತು ನಿಲ್ಲಿಸಿದರೆ ನ್ಯಾಯ ಹೇಳುವವನು ಮೂರು ಸಲ ಕೇಳಬೇಕು. ಮೂರಕ್ಕೂ ಉತ್ತರ ಬಾರದಿದ್ದರೆ ವಾದ ಮುಗಿಯಿತು. ಲಗಮಪ್ಪಜ್ಜ ಸುಮ್ಮನೆ ಕೂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅವನು ಕಾಡವ್ವನ ಮರಿಮೊಮ್ಮಗ.

"ಇನ್ನ ಏನರ ಐತೇನು?" ಎಂದು ಕೇಳಿದ.

ನಾನು ಗ್ಯಾ ಎಂದೆ. ಅದು ಮಾತಾಗಲಿಲ್ಲ. ಮರದ ಕೆಳಗೆ ಪರಪ್ಪ ಟೋಪಿ ಹಾಕಿಕೊಂಡ.

"ಇನ್ನ ಏನರ ಐತೇನು?" ಅಜ್ಜ ರೇಣುವಿನ ಕಡೆ ನೋಡಲಿಲ್ಲ. ಅವನ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತ್ತು. ರೇಣು ತಲೆ ಎತ್ತಿಕೊಂಡೇ ನಿಂತಿದ್ದಳು. ಅವಳ ವರ್ಷದ ಓಟವೆಲ್ಲ ಮೂರನೆಯ ಆ ಪ್ರಶ್ನೆಯ ಈಚೆ ಬದಿಗೆ ಬಂದು ನಿಂತಿತ್ತು.

"ಇನ್ನ ಏನರ..."

"ಅದ. ಇನ್ನೂ ಭಾಳ ಅದ."

ಜನ ದಾರಿ ಬಿಟ್ಟರು. ಭಾಗೀರಥಿಬಾಯಿ ಕೋಲೂರಿಕೊಂಡು ಬರುತ್ತಿದ್ದಳು. ವಾಡೆಯಿಂದ ಬಯಲಿನತನಕ ಅವಳು ಒಬ್ಬಳೇ ನಡೆದು ಯಾವ ಕಾಲವಾಗಿತ್ತೋ.

"ಅವ್ವಾ, ನೀ ಯಾಕ ಬಂದಿ ಬಿಸಲಾಗ?" ಎಂದು ಕಾಕಾ ಓಡಿಬಂದ.

"ವಾಡೇದವರು ವಾದಾ ಮಾಡಬೇಕಂತ ಅಲ್ಲೇನು? ನಾ ಆ ವಾಡೇಕ ಸೊಸಿಯಾಗಿ ಬಂದದ್ದು ನೀ ಹುಟ್ಟೂಕಿಂತ ಮೊದಲ. ಸರಿ ಅತ್ತಾಗ." ಅಜ್ಜಿ ನನ್ನ ಪಕ್ಕ ಬಂದು ನಿಂತಳು. "ಲಗಮಪ್ಪ, ನನಗ ಕಿವಿ ಕೇಳೂದಿಲ್ಲ, ಬಾಯಿ ನೆಟ್ಟಗದ. ಹೇಳಲೇನು?"

"ಹೇಳ್ರಿ ಬಾಯಾರ."

"ಈ ಕಾಮಣ್ಣ ನಮ್ಮ ಮನಿಗೆ ಹೊಸಬ ಅಲ್ಲ. ನಮ್ಮದೊಂದು ಸಾಮಾನು ಇವನ ಹೊಟ್ಯಾಗ ಹಿಂದಕ ಹೋಗ್ಯದ. ಒಂದು ಕಾಲು. ಸಾಗವಾನಿದ್ದು." ಕೋಲಿನ ತುದಿಯಿಂದ ಅವಳು ಅಜ್ಜ ಕೂತ ಕುರ್ಚಿಯ ಜಾಲಿ ಕಾಲನ್ನು ಮುಟ್ಟಿದಳು. "ಇದು ಕತ್ತಿ ಏಟಿಗೆ ಮುರೀತು ಅಂತ ಪಾಟಿ ಹಚ್ಯಾರ. ನಾ ಓದೀನಿ, ನಕ್ಕೂ ಬಿಟ್ಟೀನಿ. ಆ ವರ್ಷ ಹುಡುಗರಿಗೆ ಕಟ್ಟಿಗಿ ಕಡಿಮಿ ಬಿದ್ದಿತ್ತು. ನಮ್ಮ ಮನ್ಯಾಗ ಒಬ್ಬ ಹತ್ತು ವರ್ಷದ ಹುಡುಗ ಇದ್ದ. ಗೆಳೆಯರ ಮುಂದ ದೊಡ್ಡಸ್ತಿಕಿ ತೋರಿಸಬೇಕಾಗಿತ್ತು ಅವಗ. ಪಡಸಾಲ್ಯಾಗ ಬಂದು, ಕುರ್ಚಿ ಬೋರಲ ಹಾಕಿ, ಗರಗಸದಲೆ ಕಾಲು ಕೊಯ್ಕೊಂಡು, ಧೋತ್ರದಾಗ ಮುಚ್ಚಿಕೊಂಡು, ಇದ ಬಯಲಿಗೆ ತಂದ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾದವರೆಲ್ಲ ಕಾಕಾನನ್ನು ನೋಡಿದರು. ನಗು ಹೊಟ್ಟೆಯಿಂದ ಎದ್ದು ಬಂತು, ಹಸಿದ ಹೊಟ್ಟೆಗಳಿಂದ. ನಾನೂ ಧ್ವನಿಯಿಲ್ಲದೆ ನಕ್ಕೆ. ಪರಪ್ಪ ಟೋಪಿಯಿಂದ ಬಾಯಿ ಮುಚ್ಚಿಕೊಂಡ.

"ಅವ್ವಾ!" ಕಾಕಾನ ದನಿ ಒಡೆಯಿತು. "ಅದು ಹುಡುಗಾಟಿಕಿ ಇತ್ತು."

ಅಜ್ಜಿಗೆ ಇದು ಹೇಗೆ ಕೇಳಿಸಿತೋ ದೇವರೇ ಬಲ್ಲ. ಮಗನತ್ತ ತಿರುಗಿದಳು. "ಹೌದು, ಹುಡುಗಾಟಿಕಿ. ನಿಮ್ಮಪ್ಪ ನಿನಗ ಒಂದು ಏಟು ಹೊಡೀಲಿಲ್ಲ. ಹೋಳಿ ಕಳವು ಕಳವಲ್ಲ ಅಂದ್ರು. ಬಡಿಗ್ಯಾನ್ನ ಕರೆಸಿ ಜಾಲಿ ಕಾಲು ಹಾಕಿಸಿದ್ರು. ಕಾಲು ಕೊಯ್ದು ಸುಟ್ಟಾಂವ ನೀನು, ಅದು ಹುಡುಗಾಟಿಕಿ. ಪೂರಾ ಕುರ್ಚಿ ಒರಸಿ, ಎಣ್ಣಿ ಹಚ್ಚಿ, ಹೊತ್ತು ತಂದಾಕಿ ಮಾಡಿದ್ದು ಕಳವೇನು?"

ಲಗಮಪ್ಪಜ್ಜ ಕುರ್ಚಿಯ ತೋಳು ಒತ್ತಿ ಅರ್ಧ ಎದ್ದ. "ಬಾಯಾರ, ಆಕಿ ಮಾತು ಬಂದ್ರ ನಾ ಏಳತೇನಂತ ಮೊದಲ ಹೇಳೇನಿ."

"ಕೂಡು ಲಗಮಪ್ಪ. ನಾ ಯಾರ ಹೆಸರೂ ಹೇಳಿಲ್ಲ."

ಅಜ್ಜ ಯೋಚಿಸಿದ. ಹೇಳಿರಲಿಲ್ಲ. ಮತ್ತೆ ಕೂತ.

"ನನ್ನ ವಾದ ಇನ್ನೂ ಮುಗಿದಿಲ್ಲ," ಎಂದಳು ಅಜ್ಜಿ. "ಸಂಜುನ ಲಗ್ನದ ಮಾತು ಹೇಳೂದದ, ಎಸ್ಸೆಸ್ಸೆಲ್ಸಿ ಮಾತು ಹೇಳೂದದ. ನನಗ ಎಂಬತ್ತರ ಮ್ಯಾಲಾತು, ಹೇಳಾಕ ಭಾಳ ಅದ. ಮಳಿಗಾಲದತನಕ ಹೇಳ್ತೇನಿ."

ಕಾಕಾ ನಿಂತೇ ಇದ್ದ. ಅವನ ಸುತ್ತ ನಿಂತವರಲ್ಲಿ ಅರ್ಧ ಜನ ಅಂದು ಆ ಕಾಲಿನ ಬೆಂಕಿಗೆ ಕಡಲೆ ಸುಟ್ಟು ತಿಂದ ಗೆಳೆಯರೇ. ಮಡಿವಾಳೆಪ್ಪನಂತೂ ಗರಗಸ ಕೊಟ್ಟವನೇ ಇರಬೇಕು, ನೆಲ ನೋಡುತ್ತಿದ್ದ. ಕಾಕಾ ರೇಣುವನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ತಗ್ಗಿಸಿದವನು ಕಾಕಾ.

ಪರಪ್ಪ ಹತ್ತಿರ ಬಂದ. "ಸಾಹೇಬ್ರ, ನನಗೂ ಹಸಿವಿ ಆಗೈತ್ರಿ. ಏನ್ ಮಾಡೂದು ಹೇಳ್ರಿ."

"ಅರ್ಜಿ ಎಲ್ಲಿ ಅದ?"

"ಇಲ್ಲೇ ಐತ್ರಿ, ಬಕ್ಕಣದಾಗ."

ಪರಪ್ಪ ಅದನ್ನು ಕಿಸೆಯಿಂದ ತೆಗೆದುಕೊಟ್ಟ. ಕಾಕಾ ಎರಡು ಸಲ ಮಡಚಿದ, ಹೋಗಿ ಕಾಮಣ್ಣನ ಕಾಲಡಿಯ ಕುಳ್ಳುಗಳ ನಡುವೆ ತುರುಕಿದ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರಿಗೂ ಹಸಿವಾಗಿತ್ತು.

"ಇನ್ನ ಏನರ ಐತೇನು?" ಎಂದು ಲಗಮಪ್ಪಜ್ಜ ಮೊದಲಿನಿಂದ ಮೂರು ಸಲ ಕೇಳಿದ. ಅಜ್ಜಿ ಮೂರು ಸಲ ತಲೆ ಅಲ್ಲಾಡಿಸಿದಳು. ಅಜ್ಜ ಗಂಟಲು ಸರಿಮಾಡಿಕೊಂಡ. "ಕಾಮಣ್ಣನ ಪರ ಇಷ್ಟು ಚೆಂದ ವಾದಾ ನಾ ಕೇಳಿದ್ದಿಲ್ಲ. ಆದ್ರೂ ತಪ್ಪು ಅವಂದ ಐತಿ. ಸುಡ್ರಿ."

ನಾವು ಮತ್ತೆ ಸೋತೆವು. ಮನೆತನದ ದಾಖಲೆ ಕೆಡಲಿಲ್ಲ.

ಬೊಬ್ಬೆ ಎದ್ದಿತು, ಬೆಂಕಿ ಎದ್ದಿತು, ಜನ ಕೆಂಡ ತುಂಬಿಕೊಂಡು ಮನೆಗೋಡಿದರು. ಪರಪ್ಪನೂ ಯಾರದೋ ಮನೆಗೆ ಉಣ್ಣಲು ಹೋದ. ರೇಣು ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ನಮ್ಮ ಹಿಂದೆ ವಾಡೆಗೆ ನಡೆದಳು. ಹಿತ್ತಲ ಕಡೆ ಹೊರಳುವ ತಿರುವಿನಲ್ಲಿ ಅವಳು ನಿಲ್ಲಲಿಲ್ಲ. ಬಿಳಿ ಕುದುರೆಯ ಫ್ಲೆಕ್ಸಿನ ಕೆಳಗೆ ಹಾದು ಮುಂಬಾಗಿಲಿನಿಂದ ಒಳಗೆ ಬಂದಳು. ಅವಳ ಕೇರಿಯವರು ಆ ಹೊಸ್ತಿಲು ದಾಟಿದ್ದನ್ನು ನಾನಂತೂ ಕಂಡಿರಲಿಲ್ಲ. ಉದಾರವಾದಿಯ ಮನೆಯೇ ಇದು! ದಿಗಂಬರರಾಯನ ತರುವಾಯ ಬಂದ ನಾವೆಲ್ಲ ಏನು ಮಾಡುತ್ತಿದ್ದೆವೋ.

"ಎಲ್ಲಿ ಇಡ್ಲಿರಿ?" ಎಂದು ಕೇಳಿದಳು.

"ಆ ಕಾಜಿನ ಪೆಟಿಗ್ಯಾಗ ಬ್ಯಾಡ," ಎಂದಳು ಅಜ್ಜಿ. "ಪಡಸಾಲ್ಯಾಗ ಇಡು. ಇಟ್ಟು ಕೂಡು, ದಣದೀ."

ರೇಣು ಇಟ್ಟಳು. ಒಂದು ಗಳಿಗೆ ನಿಂತಳು. ಆಮೇಲೆ ಕೂತಳು, ಬೆನ್ನು ಆನಿಸಿ, ಎರಡೂ ಕೈ ತೋಳಿನ ಮೇಲಿಟ್ಟು. ಕಾಕಾ ಕೆಂಡದ ಬಟ್ಟಲು ಹಿಡಿದುಕೊಂಡು ಅವಳ ಎದುರಿಗೆ ನಿಂತಿದ್ದ. ಅಡುಗೆಮನೆಗೆ ಹೋಗಬೇಕಾದರೆ ಅವಳನ್ನು ದಾಟಿಯೇ ಹೋಗಬೇಕು.

ಕೇಳಿದವಳು ರೇಣು.

"ಹೆಸರೇನ್ರಿ?" ಎಂದಳು, ಮೆಲ್ಲಗೆ, ಠಾಣೆಯಲ್ಲಿ ಮುಂದೆ ಎಷ್ಟೋ ಜನರಿಗೆ ಕೇಳಬೇಕಾದವಳು. "ಊಟ ಆತೇನ್ರಿ?"

ಕಾಕಾ ಬಟ್ಟಲಿನ ಕೆಂಡ ನೋಡಿದ, ಜಾಲಿಯ ಕಾಲು ನೋಡಿದ.

"ಸಂಜೀವ," ಎಂದ. "ಊಟ ಆಗಿಲ್ಲವ್ವಾ."

"ಹಂಗಾದ್ರ ಒಲಿ ಹಚ್ಚು, ಹಾಲು ಕಾಸು," ಎಂದಳು ಅಜ್ಜಿ. "ಹೋಳಿಗಿ ನಿನ್ನೇನ ಮಾಡಿಟ್ಟೀನಿ." ಅವಳು ಗೋಡೆಗೊರಗಿಸಿದ್ದ ತಾಟುಗಳನ್ನು ತೆಗೆದು, ಕುರ್ಚಿಯ ಪಕ್ಕದ ನೆಲದ ಮೇಲೆ, ಎಲ್ಲರಿಗೂ ಒಂದೇ ಸಾಲಿನಲ್ಲಿ ಹಾಕಿದಳು.